ಪ್ಯಾಕ್‌-ಮ್ಯಾನಿಗೆ 360 ಡಿಗ್ರಿ ಯಾಕೆ ಸ್ವಾಮೀ?

ನನ್ನ ಭಾವಮೈದನ ಕಂಪ್ಯೂಟರಿನಲ್ಲಿ ಹಳೇ ಆರ್ಕೇಡ್ ಆಟಗಳು ಸಾವಿರಗಟ್ಟಲೆ ಇವೆ. ಅವನು ಒಂದನ್ನೂ ಆಡುವುದಿಲ್ಲ. ಮೊದಲು ಜಾಯ್‌ಸ್ಟಿಕ್ ಯಾವುದೆಂದು ತೀರ್ಮಾನವಾಗಬೇಕಂತೆ. ಸೈಟು ಕೊಳ್ಳುವಾಗ ಖಾತೆ, ಕಂದಾಯ ಒಂದನ್ನೂ ನೆಟ್ಟಗೆ ನೋಡದೆ ಸಹಿ ಜಡಿದು ಬಂದ ಮಹಾನುಭಾವ, ಗೇಣುದ್ದವೂ ಇಲ್ಲದ ಒಂದು ಕೋಲಿನ ವಿಷಯದಲ್ಲಿ ಮಾತ್ರ ಮೂರು ತಲೆಮಾರಿನ ಜಾತಕ ತಿರುವಿ ಹಾಕುತ್ತಿದ್ದಾನೆ. ರಾತ್ರಿ ಹನ್ನೊಂದಕ್ಕೆ ಫೋನು.

“ಭಾವ, ಅನಲಾಗ್ ತಗೊಳ್ಳಲಾ, ಡಿಜಿಟಲ್ ತಗೊಳ್ಳಲಾ?”

“ಆಡೋದು ಯಾವ ಆಟಾನಯ್ಯ?”

“ಎಲ್ಲಾನೂ.”

ಎಲ್ಲಾನೂ ಆಡುತ್ತೇನೆ ಎನ್ನುವವನಿಗೆ ಏನು ಹೇಳುವುದು? ಡಿಜಿಟಲ್ ತಗೋ ಎಂದರೆ, “ಅದು ಬರೀ ಸ್ವಿಚ್ಚಲ್ವಾ ಭಾವ, ಅಗ್ಗದ್ದು” ಎನ್ನುತ್ತಾನೆ. ಅನಲಾಗ್ ತಗೋ ಎಂದರೆ, “ದೇಶಾನೇ ಡಿಜಿಟಲ್ ಆಗ್ತಿದೆ, ನೀವು ಅನಲಾಗ್ ಅಂತೀರಲ್ಲ” ಎನ್ನುತ್ತಾನೆ. ಗಡಿಯಾರದಲ್ಲಿ, ಟೀವಿಯಲ್ಲಿ, ಫೋನಿನಲ್ಲಿ ಅನಲಾಗ್ ಎಂದರೆ ತಾತನ ಕಾಲದ್ದು, ಡಿಜಿಟಲ್ ಎಂದರೆ ಮೊಮ್ಮಗನ ಕಾಲದ್ದು. ಜಾಯ್‌ಸ್ಟಿಕ್ಕಿನ ಪೇಟೆಯಲ್ಲಿ ಮಾತ್ರ ಈ ಮರ್ಯಾದೆ ತಿರುವುಮುರುವು. ಇಲ್ಲಿ ಅನಲಾಗೇ ಶ್ರೀಮಂತ, ಡಿಜಿಟಲ್ ಬಡಪಾಯಿ. ಹಾಗಂತ ಕೊಳ್ಳುವವರು ನಂಬಿದ್ದಾರೆ, ಮಾರುವವರಿಗೂ ಅದರಿಂದ ನಷ್ಟವೇನಿಲ್ಲ.

ಈ ರೋಗದ ಮೂಲಪುರುಷ ಇಟಲಿಯವನು. 1997ರ ಫೆಬ್ರವರಿಯಲ್ಲಿ ನಿಕೋಲಾ ಸಾಲ್ಮೋರಿಯಾ ಎಂಬ ಪ್ರೋಗ್ರಾಮರು ಮೇಮ್ ಎಂಬ ಎಮ್ಯುಲೇಟರನ್ನು ಹೊರಬಿಟ್ಟ. ಆರ್ಕೇಡ್ ಪೆಟ್ಟಿಗೆಯೊಳಗಿದ್ದ ಹಳೇ ಚಿಪ್ಪುಗಳ ವೇಷವನ್ನೆಲ್ಲ ಅದು ಸಾಫ್ಟ್‌ವೇರಿನಲ್ಲೇ ಕಟ್ಟುತ್ತದೆ. 1980ರಲ್ಲಿ ಬರೆದ ಪ್ರೋಗ್ರಾಮು ತಾನಿನ್ನೂ ಜಪಾನಿನ ಯಾವುದೋ ಅಂಗಡಿಯ ಪೆಟ್ಟಿಗೆಯಲ್ಲೇ ಇದ್ದೇನೆಂದು ನಂಬಿಕೊಂಡು ಓಡುತ್ತದೆ. ತಾನು ಕೂತಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಎರಡನೇ ಮಹಡಿಯಲ್ಲಿ, ಒಗೆದ ಬಟ್ಟೆ ಮಡಚುವ ಮೇಜಿನ ಮೇಲೆ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. (ಆ ಆಟಗಳ ಹಕ್ಕುಸ್ವಾಮ್ಯ ಯಾರದಪ್ಪಾ ಎಂದು ಕೇಳಿದರೆ ಭಾವಮೈದನಿಗೆ ಕೆಮ್ಮು ಬರುತ್ತದೆ. ಕೇಳಬೇಡಿ.)

ಆ ಪ್ರೋಗ್ರಾಮಿಗೆ ನಿಮ್ಮ ಕೋಲು ಕಾಣುವುದಿಲ್ಲ. ಅದರ ಬೆಲೆಯಂತೂ ಮೊದಲೇ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ನಾಲ್ಕು ದಿಕ್ಕಿಗೆ ನಾಲ್ಕು ತಂತಿ. ಒಂದೊಂದು ತಂತಿಯಲ್ಲೂ ಸುದ್ದಿ ಇದೆ ಅಥವಾ ಇಲ್ಲ. ‘ಸ್ವಲ್ಪ ಇದೆ’ ಎಂಬ ಮಾತೇ ಅದರ ಭಾಷೆಯಲ್ಲಿಲ್ಲ.

ಮದುವೆಗೆ ಕರೆಯಲು ಹೋದಾಗ ಎರಡು ಥರದ ನೆಂಟರು ಸಿಗುತ್ತಾರಲ್ಲ, ಇದೂ ಅದೇ. “ಬರ್ತೀವಿ” ಅಥವಾ “ಬರಕ್ಕಾಗಲ್ಲ” ಎನ್ನುವವರು ಡಿಜಿಟಲ್. “ನೋಡೋಣ, ಮುಹೂರ್ತಕ್ಕೆ ಆಗದಿದ್ರೆ ಊಟಕ್ಕೆ, ಊಟಕ್ಕೆ ಆಗದಿದ್ರೆ ಆರತಕ್ಷತೆಗೆ, ಹೇಗೂ ಮಕ್ಕಳಂತೂ ಬರಬಹುದು” ಎನ್ನುವವರು ಅನಲಾಗ್. ಎರಡನೆಯವರ ಉತ್ತರದಲ್ಲಿ ವಿವರ ಜಾಸ್ತಿ, ನಿಜ. ಆದರೆ ಅಡುಗೆಭಟ್ಟರು ಕೇಳುವುದು ಒಂದೇ: ಎಲೆ ಹಾಕಲೋ ಬೇಡವೋ? ಪ್ಯಾಕ್‌-ಮ್ಯಾನ್ ಎಂಬ ಅಡುಗೆಭಟ್ಟರ ಮುಂದೆ ನಿಮ್ಮ ಅನಲಾಗ್ ಕೋಲು ನಿಂತು “ಬಲಕ್ಕೆ ನೂರಕ್ಕೆ ಅರವತ್ತೆರಡು, ಮೇಲಕ್ಕೆ ಐವತ್ತೆಂಟು” ಎಂದು ಶಾಸ್ತ್ರ ಹೇಳಿದರೆ, ನಡುವೆ ಮೇಮ್ ಬಂದು ಊಹೆ ಮಾಡಿ “ಬಲಕ್ಕೆ ಅಂತ ಬರಕೊಳ್ಳಿ ಭಟ್ರೇ” ಎನ್ನಬೇಕು. ಆ ಊಹೆಗಾಗಿಯೇ ಮೇಮ್ ತನ್ನೊಳಗೆ ಒಂಬತ್ತಕ್ಕೆ ಒಂಬತ್ತರ ಮನೆಗಳ ಒಂದು ನಕ್ಷೆ ಇಟ್ಟುಕೊಂಡಿದೆ. ಕೋಲು ಈ ಮನೆಯಲ್ಲಿದ್ದರೆ ಬಲ, ಆ ಮನೆಯಲ್ಲಿದ್ದರೆ ಮೇಲು. ಗಡಿಯ ಮೇಲಿನ ಕೆಲವು ಮನೆಗಳಲ್ಲಿ ‘ಹಿಂದೆ ಏನಿತ್ತೋ ಅದನ್ನೇ ಇಟ್ಟುಕೋ’ ಎಂಬ ಏರ್ಪಾಡೂ ಉಂಟು. ನಟ್ಟನಡುವೆ ‘ಡೆಡ್ ಝೋನ್’ ಎಂಬ ಇನ್ನೊಂದು ಪ್ರದೇಶ. ಅಲ್ಲಿ ಕೋಲು ಅಲುಗಿದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ, ದುಬಾರಿ ದುಡ್ಡು ಕೊಟ್ಟು ತಂದ ಸೂಕ್ಷ್ಮವನ್ನೆಲ್ಲ ಸೋಸಿ ಬಿಸಾಕಿ, ಕೊನೆಗೆ ನಾಲ್ಕು ಸ್ವಿಚ್ಚಿನ ಕೆಲಸ ಮಾಡಿಸಿಕೊಳ್ಳುವುದು. ಭಾವಮೈದನಿಗೆ ಇದನ್ನು ಹೇಳಿದೆ. “ಆದ್ರೂ ಒಳಗಡೆ ಇರುತ್ತಲ್ಲ ಭಾವ” ಅಂದ.

ಡಿಜಿಟಲ್ ಕೋಲಿನ ಹೊಟ್ಟೆಯಲ್ಲಿ ಇರುವುದು ನಾಲ್ಕು ಮೈಕ್ರೋಸ್ವಿಚ್ಚು. ವಾಲಿಸಿದರೆ ‘ಟಿಕ್’, ಬಿಟ್ಟರೆ ಸ್ಪ್ರಿಂಗಿನಿಂದ ವಾಪಸ್ಸು. ಮೂಲೆಗೆ ವಾಲಿಸಿದರೆ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿಕೊಳ್ಳುತ್ತವೆ, ಆದ್ದರಿಂದ ನಾಲ್ಕರಲ್ಲೇ ಎಂಟು ದಿಕ್ಕು. ಅನಲಾಗ್ ಕೋಲಿನಲ್ಲಿ ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಕೆಳಗಿರುವಂಥ ಪೊಟೆನ್ಶಿಯೋಮೀಟರ್ ಎರಡು ಇರುತ್ತವೆ, ಅಡ್ಡಕ್ಕೊಂದು, ಉದ್ದಕ್ಕೊಂದು. ದುಡ್ಡಿದ್ದವರಿಗೆ ಅಯಸ್ಕಾಂತ ಮತ್ತು ಹಾಲ್ ಸೆನ್ಸರ್. ಪೊಟೆನ್ಶಿಯೋಮೀಟರ್ ಸವೆಯುತ್ತದೆ. ಸವೆದ ಮೇಲೆ ನೀವು ಕೈ ತೆಗೆದರೂ ಆಟದೊಳಗಿನ ಮನುಷ್ಯ ತನ್ನ ಪಾಡಿಗೆ ಎಡಕ್ಕೆ ನಡೆಯುತ್ತಿರುತ್ತಾನೆ.

ಈಗ ಪ್ಯಾಕ್‌-ಮ್ಯಾನಿಗೇ ಬರೋಣ. ಕಂಪನಿ ನಾಮ್ಕೋ, ಮಾಡಿದವರು ತೋರು ಇವಾತಾನಿ, ವರ್ಷ 1980. ಆ ಪೆಟ್ಟಿಗೆಯಲ್ಲಿ ಆಡುವುದಕ್ಕೆಂದು ಇದ್ದದ್ದು ಒಂದೇ ಕೋಲು. ಹೊಡೆಯುವ, ಹಾರುವ ಗುಂಡಿ ಯಾವುದೂ ಇಲ್ಲ. ಆ ಕೋಲಿಗೆ ನಾಲ್ಕೇ ದಿಕ್ಕು. ಬಡತನದಿಂದ ನಾಲ್ಕಲ್ಲ, ಆ ಚಕ್ರವ್ಯೂಹದಲ್ಲಿ ಇರುವುದೇ ಅಡ್ಡದಾರಿ, ಉದ್ದದಾರಿ. ಓರೆದಾರಿ ಇಲ್ಲ. ಅಲ್ಲದೆ ಆಟ ಗೆಲ್ಲುವ ಗುಟ್ಟೂ ತಿರುವಿನಲ್ಲೇ ಇದೆ. ಮೂಲೆ ಬರುವುದಕ್ಕೆ ಕೂದಲೆಳೆ ಮುಂಚೆ ಕೋಲು ತಿರುಗಿಸಿದರೆ ಪ್ಯಾಕ್‌-ಮ್ಯಾನ್ ಆ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತಾನೆ. ಬೆನ್ನಟ್ಟಿದ ದೆವ್ವಗಳಿಗೆ ಆ ಅನುಕೂಲವಿಲ್ಲ, ಅವು ಪೂರ್ತಿ ಮೂಲೆಯವರೆಗೂ ಹೋಗಿಯೇ ತಿರುಗಬೇಕು. ಪ್ರತಿ ಮೂಲೆಯಲ್ಲೂ ಹೀಗೆ ಚೂರುಚೂರು ಲಾಭ ಮಾಡಿಕೊಂಡವನು ಬದುಕುತ್ತಾನೆ. ಇಂಥ ಕಡೆ ಎಂಟು ದಿಕ್ಕಿನ ಕೋಲೋ ಹೆಬ್ಬೆರಳಿನಲ್ಲಿ ಉರುಳುವ ಅನಲಾಗ್ ಗುಂಡಿಯೋ ಇದ್ದರೆ, ಬಲದಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಓರೆಯನ್ನು ಹಾದೇ ಹೋಗಬೇಕು. ಆ ಗಳಿಗೆಯಲ್ಲಿ ಎರಡು ತಂತಿಯಲ್ಲೂ ಸುದ್ದಿ. ಯಾವುದನ್ನು ನಂಬಬೇಕೆಂಬುದು ಪ್ರೋಗ್ರಾಮಿನ ಇಷ್ಟ, ನಿಮ್ಮದಲ್ಲ. ನಿಮಗೆ ಬೇಕಾದ ಓಣಿ ಬಿಟ್ಟು ಅವನು ದೆವ್ವದ ಬಾಯಿಗೇ ನೆಟ್ಟಗೆ ಹೋಗುತ್ತಾನೆ.

1981ರ ಡಾಂಕಿ ಕಾಂಗ್ ಇನ್ನೂ ಮೋಜು. ನಿಂಟೆಂಡೋದ ಶಿಗೆರು ಮಿಯಾಮೊಟೊ ಮಾಡಿದ ಆಟ. ಮೇಲೆ ಗೊರಿಲ್ಲಾ ನಿಂತು ಪೀಪಾಯಿ ಉರುಳಿಸುತ್ತದೆ, ಕೆಳಗಿನಿಂದ ನಮ್ಮವನು ಏಣಿ ಹತ್ತಬೇಕು. ಏಣಿಯ ಬುಡದಲ್ಲಿ ನಿಂತು ‘ಮೇಲಕ್ಕೆ’ ಎನ್ನಬೇಕಾದಾಗ ಕೋಲು ಚೂರು ಓರೆಯಾಗಿ ‘ಮೇಲಕ್ಕೆ, ಹಾಗೇ ಬಲಕ್ಕೂ’ ಎಂದರೆ ಆಸಾಮಿ ಹತ್ತುವುದಿಲ್ಲ, ಬುಡದಲ್ಲೇ ತಡವರಿಸುತ್ತಾನೆ. ಅಷ್ಟರಲ್ಲಿ ಪೀಪಾಯಿ ಬಂತು. ಆಡಿದವನು ತನ್ನ ಕೈಯನ್ನು ಬೈದುಕೊಳ್ಳುತ್ತಾನೆ, ಪಾಪ, ಕೈ ಏನೂ ಮಾಡಿರುವುದಿಲ್ಲ.

“ಎಂಟು ನಾಲ್ಕಕ್ಕಿಂತ ಜಾಸ್ತಿ ಅಲ್ವಾ ಭಾವ? ಎಂಟರಲ್ಲಿ ನಾಲ್ಕು ಸೇರಿರುತ್ತಲ್ಲ?”

ಲೆಕ್ಕದಲ್ಲಿ ಸೇರಿರುತ್ತದೆ, ಕೈಯಲ್ಲಿ ಸೇರಿರುವುದಿಲ್ಲ. ಅದಕ್ಕೇ ಒಳ್ಳೆಯ ಕೋಲುಗಳ ತಳದಲ್ಲಿ ‘ಗೇಟ್’ ಎಂಬ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಕೋಲು ಎಲ್ಲಿಯವರೆಗೆ ವಾಲಬಹುದು ಎಂಬುದಕ್ಕೆ ಅದೇ ಬೇಲಿ. ಚೌಕದ ಬೇಲಿಯಾದರೆ ನಾಲ್ಕು ಮೂಲೆಗಳಲ್ಲಿ ಓರೆದಿಕ್ಕು ಗಟ್ಟಿಯಾಗಿ ಸಿಗುತ್ತದೆ. ಅದೇ ಚೌಕವನ್ನು 45 ಡಿಗ್ರಿ ತಿರುಗಿಸಿ ವಜ್ರಾಕಾರ ಮಾಡಿದರೆ ಮೂಲೆಗಳು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬರುತ್ತವೆ, ಓರೆದಾರಿ ಬಂದ್. ಜಪಾನಿನ ಸಾನ್ವಾದ ಜೆಎಲ್‌ಎಫ್ ಕೋಲಿನಲ್ಲಿ ಈ ತಟ್ಟೆಯನ್ನು ಬಿಚ್ಚಿ ತಿರುಗಿಸಿ ಕೂರಿಸಬಹುದು. ನಾಲ್ಕೂ ಆಯಿತು, ಎಂಟೂ ಆಯಿತು. ತಟ್ಟೆ ತಿರುಗಿಸಲು ಡಬ್ಬಿ ತಲೆಕೆಳಗು ಮಾಡಬೇಕು ಎಂಬುದೊಂದೇ ತೊಡಕು, ಅದಕ್ಕೆ ಭಾವಮೈದನಿಗೆ ಸೋಮಾರಿತನ. ಎಲ್ಲ ದಿಕ್ಕಿಗೂ ಒಂದೇ ಕೋಲು ಸಾಕೆಂಬ 360 ಡಿಗ್ರಿಯ ಕನಸಿನ ಬೇರು ಇರುವುದು ಈ ಸೋಮಾರಿತನದಲ್ಲೇ ಎಂದು ನನ್ನ ಗುಮಾನಿ.

ಇನ್ನು ಕ್ಯೂಬರ್ಟ್ ಎಂಬ 1982ರ ಆಟವಿದೆ. ಅದರಲ್ಲಿ ಓಡಾಟವೆಲ್ಲ ಓರೆಯಲ್ಲೇ, ಆದ್ದರಿಂದ ಪೆಟ್ಟಿಗೆಯಲ್ಲಿ ಕೋಲನ್ನೇ ಓರೆಯಾಗಿ ಕೂರಿಸಿದ್ದರು. ಇದನ್ನು ಅವನಿಗೆ ಹೇಳಿಲ್ಲ. ಹೇಳಿದರೆ ಇನ್ನೊಂದು ಕೋಲು ಕೊಳ್ಳುತ್ತಾನೆ.

ಎಂಟು ದಿಕ್ಕು ಬೇಕೇಬೇಕಾದ ಆಟಗಳು ಇಲ್ಲದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಬಸ್‌ಸ್ಟ್ಯಾಂಡಿನ ಆಸುಪಾಸಿನ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಟೋಕನ್ ಹಾಕಿ ಬೆಳೆದವರಿಗೆ ಇದನ್ನು ಹೇಳಬೇಕಿಲ್ಲ. ಕ್ಯಾಪ್‌ಕಾಮ್ ಕಂಪನಿಯವರು 1993ರಲ್ಲಿ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂದು ದೊಡ್ಡ ಹೆಸರಿಟ್ಟು ಒಂದು ಆಟ ಕಳಿಸಿದರು. ನಮ್ಮ ಹುಡುಗರು ಆ ಹೆಸರನ್ನು ಓದುವ ಗೋಜಿಗೇ ಹೋಗಲಿಲ್ಲ. ಅದರೊಳಗಿದ್ದ ನಾಲ್ವರು ವೀರರಲ್ಲಿ ಮುಸ್ತಫಾ ಎಂಬುವನನ್ನು ಆರಿಸಿಕೊಂಡು ಇಡೀ ಆಟಕ್ಕೇ ‘ಮುಸ್ತಫಾ’ ಎಂದು ನಾಮಕರಣ ಮಾಡಿದರು. ದೇಶದ ಎಷ್ಟೋ ಊರುಗಳಲ್ಲಿ ಇವತ್ತಿಗೂ ಅದೇ ಹೆಸರು. ಆ ಪಾರ್ಲರಿನ ಕೋಲುಗಳ ತುದಿಯ ಗುಂಡು ಎಂದೋ ಬಿಚ್ಚಿಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿರುತ್ತಿತ್ತು. ಗೇಟು ಚೌಕವೋ ದುಂಡೋ ಎಂದು ಯಾರೂ ಕೇಳಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಡೈನೋಸಾರ್‌ಗಳು ಸಾಯುತ್ತಿದ್ದವು.

1991ರ ಸ್ಟ್ರೀಟ್ ಫೈಟರ್ 2ರಲ್ಲಿ ರ್‍ಯೂ ಎಂಬ ಜಟ್ಟಿ ಅಂಗೈಯಿಂದ ಬೆಂಕಿಯುಂಡೆ ಬಿಡಬೇಕಾದರೆ ಕೆಳಗೆ, ಕೆಳಮೂಲೆ, ಮುಂದೆ ಎಂದು ಕೋಲನ್ನು ಕಾಲುಚಕ್ರ ತಿರುಗಿಸಿ ಗುದ್ದಿನ ಗುಂಡಿ ಒತ್ತಬೇಕು. ಇಲ್ಲಿ ಓರೆದಿಕ್ಕು ತಪ್ಪಿದರೆ ಬೆಂಕಿಯಿಲ್ಲ. ತಿರುವು ಚಕ್ರದ ಥರ ಇದೆಯಲ್ಲ, ಅನಲಾಗೇ ಸರಿಯಲ್ವಾ ಎಂದು ಭಾವಮೈದ ಹಿಗ್ಗಿದ. ಇಲ್ಲಪ್ಪ. ಆ ಆಟವೂ ಎಣಿಸುವುದು ಮೂರು ಹೌದುಗಳನ್ನೇ. ಮೂರು ‘ಟಿಕ್’ ಬೆರಳಿಗೆ ತಾಕಿದರೆ ಕೆಲಸ ಆಯಿತೆಂದು ಕಣ್ಣು ಮುಚ್ಚಿಯೂ ಗೊತ್ತಾಗುತ್ತದೆ. ಅನಲಾಗ್ ಕೋಲು ಮೌನಿ. ಎಲ್ಲಿ ಗೆರೆ ದಾಟಿದೆ, ಎಲ್ಲಿ ದಾಟಲಿಲ್ಲ ಎಂಬುದು ಪರದೆಯ ಮೇಲೆ ಒದೆ ಬಿದ್ದ ಮೇಲಷ್ಟೇ ತಿಳಿಯುವುದು.

ಸ್ಟ್ರೀಟ್ ಫೈಟರ್ ಮಾಡಿದ ಕ್ಯಾಪ್‌ಕಾಮ್ ಅನಲಾಗಿನ ರುಚಿಯನ್ನೂ ಒಮ್ಮೆ ನೋಡಿತ್ತು. 1987ರ ಮೊದಲನೇ ಸ್ಟ್ರೀಟ್ ಫೈಟರ್‌ನ ಒಂದು ಪೆಟ್ಟಿಗೆಯಲ್ಲಿ ಗುದ್ದಿಗೊಂದು, ಒದೆಗೊಂದು ದೊಡ್ಡ ರಬ್ಬರ್ ದಿಂಬು ಇಟ್ಟಿದ್ದರು. ಎಷ್ಟು ಜೋರಾಗಿ ಗುದ್ದುತ್ತೀರೋ ಅಷ್ಟು ಜೋರು ಏಟು. ಕಲ್ಪನೆ ಚೆನ್ನಾಗಿತ್ತು. ಆದರೆ ಪೆಟ್ಟಿಗೆಯ ಒಳಗಿನವನಿಗಿಂತ ಹೊರಗಿನವನ ಕೈಗೇ ಪೆಟ್ಟು ಜಾಸ್ತಿ ಬಿತ್ತು. ಆರು ಗುಂಡಿಯ ಪೆಟ್ಟಿಗೆಯೇ ಕೊನೆಗೆ ನಿಂತಿತು: ಮೆಲ್ಲಗೆ, ಮಧ್ಯಮ, ಜೋರು ಎಂದು ಗುದ್ದಿಗೆ ಮೂರು, ಒದೆಗೆ ಮೂರು. ಒಂದು ‘ನೋಡೋಣ’ವನ್ನು ಮೂರು ‘ಬರ್ತೀವಿ’ಯಾಗಿ ಒಡೆದರು ಅಷ್ಟೇ.

ಇಷ್ಟು ಹೇಳಿ ಅನಲಾಗನ್ನು ಹೊಸಿಲಾಚೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ‘ಎಷ್ಟು?’ ಎಂದು ಕೇಳುವ ಆಟಗಳೂ ಇವೆ. 1983ರ ಅಟಾರಿಯ ಸ್ಟಾರ್ ವಾರ್ಸ್‌ನಲ್ಲಿ ಇದ್ದದ್ದು ಕೋಲೇ ಅಲ್ಲ, ವಿಮಾನದಲ್ಲಿರುವಂಥ ಹಿಡಿಗಳುಳ್ಳ ಯೋಕ್. ಗುರಿಯ ಚುಕ್ಕೆಯನ್ನು ಚೂರು ಸರಿಸಬೇಕೆಂದರೆ ಚೂರೇ ಸರಿಸಬೇಕು. ಸೆಗಾದ ಯು ಸುಜುಕಿ ಮಾಡಿದ ಸ್ಪೇಸ್ ಹ್ಯಾರಿಯರ್ 1985ರದ್ದು, ಆಫ್ಟರ್ ಬರ್ನರ್ 1987ರದ್ದು. ಎರಡರಲ್ಲೂ ಅನಲಾಗ್ ಕೋಲು, ಜೊತೆಗೆ ಆಡುವವನನ್ನೇ ಹೊತ್ತು ಓಲಾಡುವ ಕುರ್ಚಿಯ ಪೆಟ್ಟಿಗೆ. ಇವನ್ನು ಡಿಜಿಟಲ್ ಕೋಲಿನಲ್ಲಿ ಆಡಿದರೆ ವಿಮಾನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಡಿದಾಡುತ್ತದೆ. ಮೇಮ್ ಇಲ್ಲೂ ಸಂಧಾನಕ್ಕೆ ಬರುತ್ತದೆ. ಸ್ವಿಚ್ಚು ಒತ್ತಿ ಹಿಡಿದರೆ ಎಷ್ಟು ವೇಗದಲ್ಲಿ ವಾಲಬೇಕು, ಬಿಟ್ಟರೆ ಎಷ್ಟು ವೇಗದಲ್ಲಿ ನಡುವಿಗೆ ಮರಳಬೇಕು ಎಂದು ಅದರಲ್ಲಿ ಅಂಕಿ ತಿದ್ದಬಹುದು. ತಿದ್ದುತ್ತಾ ಕೂತರೆ ಒಂದು ಭಾನುವಾರ ಚೆನ್ನಾಗಿ ಕಳೆಯುತ್ತದೆ, ಆಟ ಮಾತ್ರ ಸರಿಹೋಗುವುದಿಲ್ಲ.

ನನಗೆ ತುಂಬ ಇಷ್ಟವಾದ ಕಥೆ ಸಿನಿಸ್ಟಾರ್‌ನದು. ಷಿಕಾಗೋದ ವಿಲಿಯಮ್ಸ್ ಕಂಪನಿಯ 1983ರ ಆಟ. ಅದರ ಕೋಲಿಗೆ ನಲವತ್ತೊಂಬತ್ತು ಸ್ಥಾನ! ಅಡ್ಡಕ್ಕೆ ಏಳು ಮೆಟ್ಟಿಲು, ಉದ್ದಕ್ಕೆ ಏಳು ಮೆಟ್ಟಿಲು, ಒಳಗೆ ಬೆಳಕಿನ ಸೆನ್ಸರು. ಸ್ವಲ್ಪ ವಾಲಿಸಿದರೆ ನೌಕೆ ನಿಧಾನ, ಪೂರ್ತಿ ವಾಲಿಸಿದರೆ ಜೋರು. ಇದು ಡಿಜಿಟಲ್ಲೋ ಅನಲಾಗೋ? ಕರೆದ ಮದುವೆಗೆ “ಏಳರಲ್ಲಿ ಐದು ಪಾಲು ಬರ್ತೀವಿ” ಎಂದ ನೆಂಟ ಇವನು. ಸಾಧಾರಣ ಎಂಟು ದಿಕ್ಕಿನ ಕೋಲಿನಲ್ಲಿ ಇದನ್ನು ಆಡಿದರೆ ನೌಕೆಗೆ ನಿಧಾನ ಎಂಬುದೇ ಮರೆತುಹೋಗುತ್ತದೆ.

ಅದೇ ಕಂಪನಿಯ 1982ರ ರೋಬೋಟ್ರಾನ್‌ನಲ್ಲಿ ಎರಡು ಡಿಜಿಟಲ್ ಕೋಲು. ಎಡಗೈಯದು ಓಡಲು, ಬಲಗೈಯದು ಸುಡಲು. ಅದನ್ನು ಮಾಡಿದ ಯೂಜೀನ್ ಜಾರ್ವಿಸ್‌ಗೆ ಕಾರು ಅಪಘಾತದಲ್ಲಿ ಕೈಗೆ ಪೆಟ್ಟಾಗಿ ಗುಂಡಿ ಒತ್ತುವುದು ಕಷ್ಟವಾದದ್ದೇ ಈ ಜೋಡಿ ಕೋಲಿನ ಹುಟ್ಟಿಗೆ ಕಾರಣ. ಇವತ್ತಿನ ಗೇಮ್‌ಪ್ಯಾಡಿನ ಎರಡು ಅನಲಾಗ್ ಗುಂಡಿಗಳಲ್ಲಿ ರೋಬೋಟ್ರಾನ್ ಬಹಳ ಸೊಗಸಾಗಿ ಆಡಿಸಬಹುದು. ಡಿಜಿಟಲ್ ಪಕ್ಷದ ಕಾರ್ಯಕರ್ತನಾದ ನಾನು ಇದನ್ನು ಒಪ್ಪಿಕೊಳ್ಳುತ್ತೇನೆ, ಭಾವಮೈದ ಎದುರಿಗಿಲ್ಲದಾಗ.

ಕೋಲೇ ಬೇಡದ ಆಟಗಳ ಮಾತೆತ್ತಿದರೆ ಅವನ ಮುಖ ಬಾಡುತ್ತದೆ. 1979ರ ಆಸ್ಟರಾಯ್ಡ್ಸ್‌ನಲ್ಲಿ ಬರೀ ಐದು ಗುಂಡಿ. ಮಿಸೈಲ್ ಕಮಾಂಡ್, ಸೆಂಟಿಪೀಡ್ ಎರಡಕ್ಕೂ ಅಂಗೈಯಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್. ಟೆಂಪೆಸ್ಟ್‌ಗೆ, ಅರ್ಕನಾಯ್ಡ್‌ಗೆ ಸುತ್ತುತ್ತಲೇ ಇರುವ ಸ್ಪಿನ್ನರ್. ಇವಕ್ಕೆಲ್ಲ ಮನೆಯಲ್ಲಿ ಬಿದ್ದಿರುವ ಮೌಸ್ ಸಾಕು, ಮೇಮ್ ಅದನ್ನು ಸಂತೋಷವಾಗಿ ಒಪ್ಪುತ್ತದೆ. ಆದರೆ ಮೌಸ್ ಬಿಟ್ಟಿ. ಬಿಟ್ಟಿ ಸಿಕ್ಕ ಪರಿಹಾರವನ್ನು ಯಾವ ಹವ್ಯಾಸಿ ಒಪ್ಪಿದ್ದಾನೆ?

ಅನಲಾಗ್ ತಪ್ಪು ಜಾಗಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ. 1982ರಲ್ಲಿ ಬಂದ ಅಟಾರಿ 5200 ಎಂಬ ಮನೆ ಯಂತ್ರಕ್ಕೆ ಅನಲಾಗ್ ಕೋಲು ಕೊಟ್ಟಿದ್ದರು. ಅದರಲ್ಲಿ ಸ್ಪ್ರಿಂಗ್ ಇರಲಿಲ್ಲ. ಕೈಬಿಟ್ಟರೆ ಕೋಲು ನಡುವಿಗೆ ಮರಳುತ್ತಿರಲಿಲ್ಲ, ವಾಲಿದಲ್ಲೇ ವಾಲಿಕೊಂಡಿರುತ್ತಿತ್ತು. ಅದರಲ್ಲಿ ಪ್ಯಾಕ್‌-ಮ್ಯಾನ್ ಆಡಿ ಎಂದರು! ಅದಕ್ಕಿಂತ ಮುಂಚಿನ, ಅಗ್ಗದ, ಬರೀ ಸ್ವಿಚ್ಚಿನ ಅಟಾರಿ 2600ರ ಕೋಲನ್ನು ಜನ ಇವತ್ತಿಗೂ ನೆನೆಯುತ್ತಾರೆ. ನಿಂಟೆಂಡೋ 64ರ ಮಾರಿಯೋ ಪಾರ್ಟಿಯಲ್ಲಿ ಅನಲಾಗ್ ಕೋಲನ್ನು ಗರಗರ ತಿರುಗಿಸುವ ಪಂದ್ಯಗಳಿದ್ದವು. ಮಕ್ಕಳು ಬೆರಳು ಬಿಟ್ಟು ಅಂಗೈಯಲ್ಲೇ ಉಜ್ಜಿ ತಿರುಗಿಸಿದರು, ಚರ್ಮ ಸುಲಿಯಿತು. ದೂರು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್‌ವರೆಗೂ ಹೋಗಿ, 2000ದಲ್ಲಿ ಕಂಪನಿ ಕೇಳಿದವರಿಗೆ ಕೈಗವಸು ಕೊಡಲು ಒಪ್ಪಬೇಕಾಯಿತು. ನಮ್ಮ ಪಾರ್ಲರಿನ ಕಬ್ಬಿಣದ ಕಡ್ಡಿಗೆ ಯಾರೂ ಕೈಗವಸು ಕೊಡಲಿಲ್ಲ ಬಿಡಿ.

ಭಾವಮೈದ ಕೊನೆಗೆ ಕಣ್ಣು ಹಾಕಿದ್ದು ಅಲ್ಟ್ರಾಸ್ಟಿಕ್ 360 ಮೇಲೆ. ಇಂಗ್ಲೆಂಡಿನ ಅಲ್ಟಿಮಾರ್ಕ್ ಕಂಪನಿಯದು. ಒಳಗೆ ಅಯಸ್ಕಾಂತ, ಅನಲಾಗ್. ಹೇಳಿದರೆ ನಾಲ್ಕು ದಿಕ್ಕಿನದಾಗುತ್ತದೆ, ಎಂಟರದಾಗುತ್ತದೆ, ಸಿನಿಸ್ಟಾರ್‌ಗೆ ನಲವತ್ತೊಂಬತ್ತರದೂ ಆಗುತ್ತದೆ. ಜಾಣ ಕೋಲು, ತಕರಾರಿಲ್ಲ. ಆದರೆ ವೇಷ ಬದಲಾಗುವುದು ಸಾಫ್ಟ್‌ವೇರಿನಲ್ಲಿ. ಬೆರಳಿಗೆ ಸಿಗುವುದು ಅದೇ ದುಂಡನೆಯ ಓಲಾಟ, ಏಣಿಯ ಮುಂದೆ ‘ಮೇಲಕ್ಕೆ’ ಎಂಬ ಗಟ್ಟಿ ಮೂಲೆ ಸಿಗುವುದಿಲ್ಲ. ಇದನ್ನು ಬಿಡಿಸಿ ಹೇಳುತ್ತಿದ್ದರೆ ಅವನು ಪಕ್ಕದಲ್ಲಿ ನಕ್ಷೆ ಬರೆಯುತ್ತಿದ್ದ: ಎರಡು ಅಲ್ಟ್ರಾಸ್ಟಿಕ್, ನಡುವೆ ಒಂದು ನಾಲ್ಕು ದಿಕ್ಕಿನ ಕೋಲು, ಟ್ರ್ಯಾಕ್‌ಬಾಲ್, ಸ್ಪಿನ್ನರ್, ಹದಿನಾರು ಗುಂಡಿ, ಮೇಲೊಂದು ಯೋಕ್. ಹೀಗೆ ಎಲ್ಲವನ್ನೂ ತುರುಕಿದ ಹಲಗೆಗೆ ಆ ವಲಯದ ಜನ ಫ್ರಾಂಕನ್‌ಪ್ಯಾನೆಲ್ ಎನ್ನುತ್ತಾರೆ. ಅಗಲ ಅಳೆದು ನೋಡಿದರೆ ಅವರ ಮನೆಯ ಬಾಗಿಲಿನಲ್ಲಿ ಹಿಡಿಸುವಂತಿರಲಿಲ್ಲ.

ನಾನು ಹೇಳಿದ್ದು ಇಷ್ಟು. ತಟ್ಟೆ ತಿರುಗಿಸಲು ಬರುವ ಒಂದು ಡಿಜಿಟಲ್ ಕೋಲು ತಗೋ, ಮಾಮೂಲಿಯಾಗಿ ವಜ್ರಾಕಾರದಲ್ಲೇ ಇಡು, ಮುಸ್ತಫಾ ಆಡುವ ದಿನ ತಿರುಗಿಸು. ಸ್ಟಾರ್ ವಾರ್ಸ್‌ಗೆ ಮಗನ ಗೇಮ್‌ಪ್ಯಾಡ್ ಕೇಳಿಕೊ. ಸೆಂಟಿಪೀಡ್‌ಗೆ ಮೌಸ್. ಕೀಬೋರ್ಡಿನ ಬಾಣದ ಗುಂಡಿಯೂ ಡಿಜಿಟಲ್ಲೇ, ಅದರಲ್ಲೇ ಶುರುಮಾಡಿದರೂ ನಡೆಯುತ್ತದೆ. ಕೋಲು ಒಂದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ವಾಲಲಾರದು, ಕೀಬೋರ್ಡಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಬಹುದು; ಹಳೇ ಪ್ರೋಗ್ರಾಮುಗಳಿಗೆ ಅದು ತಲೆಕೆಡಿಸೀತೆಂದು ಮೇಮ್ ತಾನೇ ಅದನ್ನು ತಡೆಯುತ್ತದೆ. ಕೋಲಿನ ತಂತಿಗಳನ್ನು ಕಂಪ್ಯೂಟರಿಗೆ ಸೇರಿಸುವ ಅಗ್ಗದ ಬೋರ್ಡುಗಳಿಗೆ ‘ಝೀರೋ ಡಿಲೇ’ ಎಂದು ಹೆಸರು. ಆ ಸೊನ್ನೆಯನ್ನು ಪೂರ್ತಿ ನಂಬಬೇಡ, ಹಾಗೆಂದು ರಾತ್ರಿ ನಿದ್ದೆಗೆಡುವಷ್ಟು ವ್ಯತ್ಯಾಸವೂ ಇಲ್ಲ.

ಅಚ್ಚರಿಯೆಂದರೆ ಈ ಸಲ ಮಾತು ಕೇಳಿದ. ಕೋಲು ಬಂತು, ಬಡಗಿಯನ್ನು ಕರೆಸಿ ಪ್ಲೈವುಡ್ ಡಬ್ಬಿಯೂ ಆಯಿತು. ಗುಂಡಿಗಳಿಗೆ 30 ಮಿಲಿಮೀಟರ್ ತೂತು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಬಡಗಿ ಚೀಟಿ ನೋಡಿ, “ಒಂದೂಕಾಲು ಇಂಚು ಹಾಕ್ತೀನಿ ಬಿಡಿ ಸಾರ್, ಗಾಳಿಯಾಡ್ಲಿ” ಅಂದನಂತೆ. ಆದರೆ ಅನಲಾಗ್, ಡಿಜಿಟಲ್ ಎಂದು ತಿಂಗಳುಗಟ್ಟಲೆ ಜಗಳವಾಡಿದ ನಮಗಿಬ್ಬರಿಗೂ ಹೊಳೆಯದ ಒಂದು ವಿಷಯವಿತ್ತು. ಆರ್ಕೇಡ್ ಪೆಟ್ಟಿಗೆಗಳು ನೂರು ಕಿಲೋ ಮೀರುತ್ತಿದ್ದವು, ಆದ್ದರಿಂದ ಕೋಲು ಎಳೆದರೆ ಕೋಲು ಮಾತ್ರ ಬರುತ್ತಿತ್ತು. ಇಲ್ಲಿ ಡಬ್ಬಿಯೂ ಜೊತೆಗೇ ಬಂತು. ಭಾವಮೈದ ಅಡುಗೆಮನೆ ಕಟ್ಟೆ ಮಾಡಿಸುವಾಗ ಉಳಿದಿದ್ದ ಗ್ರಾನೈಟ್ ತುಂಡೊಂದನ್ನು ಮಹಡಿಯಿಂದ ಇಳಿಸಿ ಡಬ್ಬಿಯೊಳಗೆ ಕೂರಿಸಿದ. ಈಗ ಅದು ಅಲುಗುವುದಿಲ್ಲ, ಎತ್ತಲು ಇಬ್ಬರು ಬೇಕು. “ಟೀಪಾಯಿ ಮೇಲೆ ಮಾತ್ರ ಇಡಬೇಡಿ, ಅದು ಗಾಜು” ಎಂದು ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು. ನೆಲದ ಮೇಲಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಡಾಂಕಿ ಕಾಂಗ್ ಶುರುಮಾಡಿದ. ಮೊದಲನೇ ಪೀಪಾಯಿಗೇ ಆಟ ಮುಗಿಯಿತು.

“ಭಾವ, ಈ ಸ್ಪ್ರಿಂಗು ಸ್ವಲ್ಪ ಗಟ್ಟಿ ಅನ್ನಿಸ್ತಿಲ್ವಾ ನಿಮಗೆ?”